ಗೋಡೆ ಬಿದ್ದದ್ದು ಒಂದೇ ರಾತ್ರಿಗೆ, ವಿಮೆ ಹಣ ಬಂದದ್ದು ಹನ್ನೊಂದು ತಿಂಗಳಿಗೆ

ಕುಡುಮಲಕುಂಟೆ ಅಂದರೆ ಊರಿನವರಿಗೆ ಗೊತ್ತಾಗುವುದಿಲ್ಲ. ಬಂಟ್ವಾಳ ಕಡೆಯ ಮದುವೆ ಮನೆಗಳಲ್ಲಿ ಸಿಕ್ಕಿದವರು, "ಎಲ್ಲಿ ಮಾರಾಯ್ರೆ ಅದು, ಆಂಧ್ರದಲ್ಲಾ?" ಎಂದು ಕೇಳುತ್ತಾರೆ. ಹೆಚ್ಚು ಕಡಿಮೆ ಹೌದು. ಗೌರಿಬಿದನೂರು ತಾಲೂಕು, ಹಿಂದೂಪುರದ ಕಡೆಗೆ ಹೋದರೆ ಗಡಿ ದೂರ ಇಲ್ಲ. ಅಂಗಡಿಗೆ ಬರುವವರಲ್ಲಿ ಅರ್ಧದಷ್ಟು ಜನ ತೆಲುಗು ಮಾತಾಡುತ್ತಾರೆ, ಮಸೀದಿಯಲ್ಲಿ ಸಿಗುವವರದ್ದು ದಖ್ಖನಿ ಉರ್ದು. ಬ್ಯಾರಿ ಬಾಸೆ ಕೇಳಬೇಕಾದರೆ ನಮ್ಮ ಮನೆಗೇ ಬರಬೇಕು. ಇಲ್ಲಿ ಕೈಗಾರಿಕಾ ಪ್ರದೇಶ ಉಂಟು. ಫ್ಯಾಕ್ಟರಿಯ ಶಿಫ್ಟುಗಳನ್ನು ನಂಬಿಕೊಂಡೇ ನಾವು ಬೇಕರಿ ಹಾಕಿದ್ದು, ಹಾಗೆಯೇ ಇಲ್ಲಿ ಉಳಿದದ್ದು.

ಮನೆಯೂ ಇಲ್ಲೇ ಮಾಡಿಕೊಂಡೆವು. ಹಿಂದಿನ ಭಾಗ ಹಳೆಯದು, ಈ ಸೀಮೆಯ ಪದ್ಧತಿಯಂತೆ ಕಲ್ಲಿನ ಗೋಡೆ, ಮೇಲೆ ಕಲ್ಲು ಚಪ್ಪಡಿ. ಮುಂದಿನ ಭಾಗಕ್ಕೆ ನಾವು ಆರ್‌ಸಿಸಿ ಹಾಕಿಸಿದೆವು. ಅದಕ್ಕೆ ಬ್ಯಾಂಕ್ ಸಾಲ ತೆಗೆದದ್ದು 2021ರ ಜೂನ್‌ನಲ್ಲಿ, 12 ಲಕ್ಷ. ಬಡ್ಡಿಯ ಸಾಲ ಬೇಡ ಎಂದು ಉಮ್ಮ ಎಷ್ಟೋ ಸಲ ಹೇಳಿದ್ದರು. ಬೇರೆ ದಾರಿ ಕಾಣಲಿಲ್ಲ. ಇದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ, ಈ ಪುಟ ಓದುವ ಎಷ್ಟೋ ಮನೆಗಳ ಕಥೆ ಅದೇ. ವಿಮೆ ಸರಿಯೋ ತಪ್ಪೋ ಎಂಬುದನ್ನು ಉಸ್ತಾದರಲ್ಲಿ ಕೇಳಿಕೊಳ್ಳಿ, ಅದು ನಮ್ಮ ಯೋಗ್ಯತೆಯ ವಿಷಯವಲ್ಲ. ನಾವು ಹೇಳಲು ಹೊರಟಿರುವುದು ಇಷ್ಟೇ: ಸಾಲ ತೆಗೆದ ದಿನವೇ ನಿಮ್ಮ ಹಣದಿಂದ ಮನೆಗೊಂದು ವಿಮೆ ಆಗಿಹೋಗಿರುವ ಸಾಧ್ಯತೆ ಉಂಟು, ಮತ್ತು ಅದು ನಿಮಗೇ ಗೊತ್ತಿಲ್ಲದಿರುವ ಸಾಧ್ಯತೆ ಇನ್ನೂ ಹೆಚ್ಚು.

ನಮಗೆ ಗೊತ್ತಿರಲಿಲ್ಲ.

2021ರ ನವೆಂಬರ್ ಮಳೆ ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಮರೆಯುವಂಥದ್ದಲ್ಲ. ಬರ, ಫ್ಲೋರೈಡ್ ನೀರು, ಸಾವಿರಾರು ಅಡಿ ಬೋರ್‌ವೆಲ್ ಎಂದು ಹೆಸರಾದ ಸೀಮೆಯಲ್ಲಿ ಕೆರೆಗಳು ಕೋಡಿ ಬಿದ್ದವು. ನಂದಿ ಬೆಟ್ಟದ ಕಡೆ ಹುಟ್ಟಿ ಗೌರಿಬಿದನೂರಿನ ಪಕ್ಕದಲ್ಲಿ ಹಾದು ಆಂಧ್ರಕ್ಕೆ ಹೋಗುವ ಉತ್ತರ ಪಿನಾಕಿನಿ ತುಂಬಿ ಹರಿಯಿತು. ಮಕ್ಕಳನ್ನು ಕರಕೊಂಡು ಹೋಗಿ ನದಿ ತೋರಿಸಿ ಬಂದವರಿದ್ದಾರೆ. ಕರಾವಳಿಯಿಂದ ಬಂದ ನಮಗೆ ಅದೇನು ದೊಡ್ಡ ಮಳೆ ಅಂತ ಅನಿಸಲೇ ಇಲ್ಲ. ಆದರೆ ನಮ್ಮೂರಿನ ಮನೆಗಳು ಆ ಮಳೆಗೆಂದೇ ಕಟ್ಟಿದ ಮನೆಗಳು, ಇಳಿಜಾರು ಮಾಡು, ಎತ್ತರದ ತಳಪಾಯ. ಇಲ್ಲಿನವು ಹಾಗಲ್ಲ.

ನವೆಂಬರ್ 19, ಶುಕ್ರವಾರ. ಬೆಳಗಿನ ಜಾವ ಹಿಂದಿನ ಹೊಲದ ನೀರು ಕಾಂಪೌಂಡಿಗೆ ಬಂದು ನಿಂತು, ಕಾಂಪೌಂಡ್ ಮಗುಚಿತು. ಆಮೇಲೆ ಹಿಂದಿನ ಕೋಣೆಯ ಗೋಡೆ ಕುಳಿತಿತು, ಎರಡು ಚಪ್ಪಡಿ ಕೆಳಗೆ ಬಂತು. ಅದು ಉಮ್ಮ ಮಲಗುವ ಕೋಣೆ. ಸೂರು ಸೋರುತ್ತದೆ ಎಂದು ಆ ರಾತ್ರಿ ಅವರು ಚಾಪೆ ತಂದು ಹಾಲ್‌ನಲ್ಲಿ ಮಲಗಿದ್ದರು. ಇದಕ್ಕಿಂತ ಹೆಚ್ಚು ಬರೆಯಲು ಆಗುವುದಿಲ್ಲ.

ಪಕ್ಕದ ಮನೆಯವರು, ಫ್ಯಾಕ್ಟರಿ ಹುಡುಗರು ಬಂದು ಕೈಜೋಡಿಸಿದರು. ಎರಡು ದಿನದಲ್ಲಿ ಕಲ್ಲು ಮಣ್ಣೆಲ್ಲ ತೆಗೆದು ಜಾಗ ಚೊಕ್ಕ ಮಾಡಿದೆವು, ಮೇಲೆ ಟಾರ್ಪಾಲು ಕಟ್ಟಿದೆವು. ಒಳ್ಳೆ ಕೆಲಸ ಮಾಡಿದೆವು ಅಂದುಕೊಂಡೆವು. ಅದು ನಮ್ಮ ಮೊದಲ ತಪ್ಪು. ಗ್ರಾಮ ಲೆಕ್ಕಿಗರು ಬಂದು ಮಹಜರು ಬರೆದುಕೊಂಡು ಹೋದರು. ಆ ಮಳೆಗೆ ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ, ತೀವ್ರ ಹಾನಿಗೆ 3 ಲಕ್ಷ, ಸ್ವಲ್ಪ ಹಾನಿಗೆ 50 ಸಾವಿರ ಎಂದಿತ್ತು. ನಾವು ಮೂರನೆಯ ಸಾಲಿಗೆ ಬಿದ್ದೆವು. ಮೇಸ್ತ್ರಿ ಬರೆದುಕೊಟ್ಟ ಎಸ್ಟಿಮೇಟು 3 ಲಕ್ಷ 50 ಸಾವಿರ. ನೀರು ಹೊಕ್ಕಿ ಹಾಳಾದ ಫ್ರಿಜ್, ಮಂಚ, ಕಪಾಟು, ಮಿಕ್ಸಿ ಇತ್ಯಾದಿ ಸೇರಿ ಇನ್ನೂ 60 ಸಾವಿರ.

ನಾಲ್ಕನೆಯ ದಿನ ದುಬೈಯಿಂದ ಭಾವನ ಫೋನು. "ಬ್ಯಾಂಕ್ ಲೋನ್ ಅಲ್ವಾ ಕಾಕ, ಇನ್ಶೂರೆನ್ಸ್ ಇರ್ತದೆ. ಸ್ಟೇಟ್‌ಮೆಂಟ್ ತೆಗೆದು ನೋಡಿ." ನೋಡಿದರೆ ಸಾಲ ಕೊಟ್ಟ ದಿನವೇ ಎರಡು ಬಾರಿ ಪ್ರೀಮಿಯಂ ಎಂದು ಹಣ ಕಡಿತವಾಗಿದೆ. ಬ್ಯಾಂಕಿಗೆ ಓಡಿದೆವು. ಕೌಂಟರಿನಲ್ಲಿದ್ದವರು, "ಅದು ಲೈಫ್ ಇನ್ಶೂರೆನ್ಸ್ ಸರ್, ಸಾಲ ತಕೊಂಡೋರು ಹೋದ್ರೆ ಸಾಲ ತೀರುತ್ತೆ, ಗೋಡೆಗೆಲ್ಲ ಬರಲ್ಲ" ಅಂದರು. ಒಂದು ಕಡಿತದ ಮಟ್ಟಿಗೆ ಅದು ಸರಿ. ಇನ್ನೊಂದು ಎಂತದು? ಅದಕ್ಕೆ ಉತ್ತರ ಸಿಗಲು ಇನ್ನೂ ಎಂಟು ದಿನ ಬೇಕಾಯಿತು. ಕಡೆಗೆ ಇಮೇಲಿನಲ್ಲಿ ಪಾಲಿಸಿ ಬಂತು. ಹೆಸರು ನಮ್ಮದೇ, ಫೋನ್ ನಂಬರ್ ಯಾರದ್ದೋ. ಪಾಲಿಸಿ ನಮ್ಮ ಕೈಗೆ ಯಾಕೆ ಬರಲಿಲ್ಲ ಎಂಬುದು ಅಲ್ಲಿಗೆ ಗೊತ್ತಾಯಿತು.

ಸಾಲದ ಜೊತೆ ಬರುವ ಈ ಎರಡು ಕಾಗದ ಒಂದೇ ಎಂದು ತಿಳಿಯಬೇಡಿ. ಒಂದು ಸಾಲಗಾರನ ಜೀವಕ್ಕೆ, ಇನ್ನೊಂದು ಮನೆಯ ಕಟ್ಟಡಕ್ಕೆ. ಎಷ್ಟೋ ಕಡೆ ಮೊದಲನೆಯದು ಮಾತ್ರ ಇರುತ್ತದೆ, ಮನೆಯವರು ಮನೆಗೂ ವಿಮೆ ಉಂಟು ಎಂಬ ನಂಬಿಕೆಯಲ್ಲಿ ಇರುತ್ತಾರೆ.

ವಿಮಾ ಕಂಪೆನಿಗೆ ತಿಳಿಸಿದ ಮೇಲೆ ಸರ್ವೇಯರ್ ಬಂದದ್ದು ಡಿಸೆಂಬರ್ ಎರಡನೆಯ ವಾರದಲ್ಲಿ. ಮಾತು ಮರ್ಯಾದೆಯ ಮನುಷ್ಯ, ಚಹಾ ಕುಡಿದರು, ಇಪ್ಪತ್ತು ನಿಮಿಷ ಇದ್ದರು. "ಬಿದ್ದ ಗೋಡೆ ಎಲ್ಲಿ?" ಎಂದು ಕೇಳಿದರು. ತೆಗೆದು ಹಾಕಿದೆವಲ್ಲ! ಪುಣ್ಯಕ್ಕೆ ಪಕ್ಕದ ಮನೆ ಹುಡುಗ ಬೆಳಗ್ಗೆಯೇ ಮೊಬೈಲಿನಲ್ಲಿ ವೀಡಿಯೊ ಮಾಡಿದ್ದ, ವಾಟ್ಸಾಪಿನಲ್ಲಿ ಯಾರಿಗೋ ಕಳಿಸಲು. ಅದನ್ನೇ ಹುಡುಕಿಸಿ ಕೊಟ್ಟೆವು. ತಾರೀಕು, ಸಮಯ ಸಮೇತ ಇದ್ದದ್ದರಿಂದ ಅದು ನಿಂತಿತು.

ಅಲ್ಲಿಂದ ಕಾಗದಗಳ ಕಾಟ ಶುರು. ಒಂದೇ ಸಲ ಇಂತಿಂಥದ್ದು ಬೇಕು ಎಂದರೆ ಮುಗಿಯುತ್ತಿತ್ತು. ಹಾಗಲ್ಲ. ಇ-ಸ್ವತ್ತು ಕೊಡಿ ಅಂತ ಒಂದು ಮೈಲು. ಕೊಟ್ಟ ಹತ್ತು ದಿನಕ್ಕೆ, ಮಳೆ ಬಂದದ್ದಕ್ಕೆ ಸರ್ಟಿಫಿಕೇಟು. ಅದಾದ ಮೇಲೆ ಫ್ರಿಜ್ಜಿನ ಬಿಲ್ಲು. ಮದುವೆಯಲ್ಲಿ ಬಂದ ಫ್ರಿಜ್ಜಿಗೆ ಬಿಲ್ಲು ಯಾರು ಇಟ್ಟಿರುತ್ತಾರೆ ಮಾರಾಯ್ರೆ? ಮಳೆಯ ಪುರಾವೆ ಮಾತ್ರ ಸಲೀಸಾಗಿ ಸಿಕ್ಕಿತು ಎನ್ನಬೇಕು. ಬೆಂಗಳೂರಿನ ಯಲಹಂಕದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಎಂದಿದೆ. ಅವರ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇವೆ. ಯಾವ ದಿನ ಯಾವ ಪಂಚಾಯಿತಿಯಲ್ಲಿ ಎಷ್ಟು ಮಿಲಿಮೀಟರ್ ಬಿತ್ತು ಎಂಬುದು ಅಲ್ಲಿ ದಾಖಲಾಗುತ್ತದೆ. ಪತ್ರಿಕೆಯ ಕಟಿಂಗಿಗಿಂತ ಅದಕ್ಕೆ ಬೆಲೆ ಜಾಸ್ತಿ.

ಈ ನಡುವೆ ಡಿಸೆಂಬರ್ 22ರ ಬೆಳಿಗ್ಗೆ ಏಳು ದಾಟಿದ ಹೊತ್ತಿಗೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಭೂಮಿ ಕಂಪಿಸಿತು, ಐದು ನಿಮಿಷದ ಅಂತರದಲ್ಲಿ ಎರಡು ಸಲ, 2.9 ಮತ್ತು 3.0 ತೀವ್ರತೆ. ಟೀವಿಯವರು ಬಂದರು, ಹೋದರು. ನಮಗೆ ಅದರ ಪರಿಣಾಮ ಜನವರಿಯಲ್ಲಿ ಒಂದು ಮೈಲಿನ ರೂಪದಲ್ಲಿ ಬಂತು. ಗೋಡೆಯ ಬಿರುಕು ಮಳೆಯಿಂದಲೋ, ಕಂಪನದಿಂದಲೋ, ಅಥವಾ ಹಳೆಯದೋ, ಸ್ಪಷ್ಟಪಡಿಸಿ. ಗೋಡೆ ಬಿದ್ದು ಒಂದು ತಿಂಗಳ ಮೇಲೆ ಕಂಪನ ಆದದ್ದು. ಬಿದ್ದ ಗೋಡೆಗೆ ಎಲ್ಲಿಯ ಬಿರುಕು? ಉಮ್ಮ ಅದನ್ನು ಕೇಳಿ, "ಅವರಿಗೆ ಯಾವುದಾದರೂ ಒಂದು ಬರೆದುಕೊಡು" ಅಂದರು. ಬರೆದುಕೊಡಲಿಲ್ಲ. ತಾರೀಕು ಇದ್ದ ವೀಡಿಯೊವನ್ನೇ ಮತ್ತೊಮ್ಮೆ ಕಳಿಸಿದೆವು.

ಫೆಬ್ರವರಿ ಕೊನೆಗೆ ಪತ್ರ ಬಂತು. 4 ಲಕ್ಷ 10 ಸಾವಿರ ಕೇಳಿದ್ದಕ್ಕೆ 1 ಲಕ್ಷ 20 ಸಾವಿರ. ಜೊತೆಗೆ ಒಂದು ವೋಚರು: ಪೂರ್ಣ ಮತ್ತು ಅಂತಿಮವಾಗಿ ಸ್ವೀಕರಿಸಿದ್ದೇವೆ ಎಂದು ಸಹಿ ಹಾಕಿ ಕಳಿಸಬೇಕು.

ಆ ಹೊತ್ತಿನ ಆಸೆಯನ್ನು ಹೇಗೆ ಹೇಳುವುದು? ಮೂರು ತಿಂಗಳಿಂದ ಟಾರ್ಪಾಲು. ಮೇ ಬಂದರೆ ಮತ್ತೆ ಮಳೆ. ಉಮ್ಮನನ್ನು ಬಂಟ್ವಾಳದ ತಂಗಿಯ ಮನೆಗೆ ಕಳಿಸಿ ಆಗಿತ್ತು. ಹೋಗುವಾಗ ತನ್ನ ಮುಸಲ್ಲ, ಮದ್ದಿನ ಡಬ್ಬಿ ಎಲ್ಲ ಕಟ್ಟಿಕೊಂಡು ಹೋಗಿದ್ದರು, ತಿರುಗಿ ಬರುವವರ ಹಾಗೆ ಅಲ್ಲ. ಬೇಕರಿಯ ಸಪ್ಲೈಯರುಗಳಿಗೆ ಬಾಕಿ. 1 ಲಕ್ಷ 20 ಸಾವಿರ ಅಂದರೆ ಕಡಿಮೆಯೇನಲ್ಲ, ಕೈಗೆ ಬರುವಂಥದ್ದು. ಪೆನ್ನು ತೆಗೆದದ್ದೂ ಹೌದು.

ತಡೆದವರು ಗೌರಿಬಿದನೂರಿನ ಒಬ್ಬ ಹಿರಿಯರು, ವಿಮೆ ಕೆಲಸದಿಂದ ನಿವೃತ್ತರಾದವರು, ಬನ್ನು ತೆಗೆದುಕೊಳ್ಳಲು ಬರುತ್ತಿದ್ದವರು. "ಪಾಲಿಸಿ ತನ್ನಿ ನೋಡೋಣ" ಎಂದರು. ಪತ್ರ ಅಲ್ಲ, ಪಾಲಿಸಿ. ಅದರ ಹಿಂದಿನ ಸಣ್ಣ ಅಕ್ಷರದ ಪುಟಗಳನ್ನು ನಾವು ಓದಿಯೇ ಇರಲಿಲ್ಲ. ಅವರು ಕನ್ನಡಕ ಏರಿಸಿ ಓದಿ, ಒಂದೊಂದಾಗಿ ಪೆನ್ಸಿಲಿನಲ್ಲಿ ಗೆರೆ ಎಳೆದರು.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ಮನೆ ವಿಮೆಗೆ ಒಂದೇ ನಮೂನೆಯ ಪಾಲಿಸಿಯನ್ನು ಎಲ್ಲ ಸಾಮಾನ್ಯ ವಿಮಾ ಕಂಪೆನಿಗಳಿಗೂ ಕಡ್ಡಾಯ ಮಾಡಿತು, ಹೆಸರು ಭಾರತ್ ಗೃಹ ರಕ್ಷಾ. ಕಂಪೆನಿ ಯಾವುದಾದರೂ ಒಳಗಿನ ಮೂಲ ಷರತ್ತು ಅದೇ. ನಮ್ಮದು ಜೂನ್‌ನದ್ದು, ಹಾಗಾಗಿ ಇದೇ.

ಕಾಂಪೌಂಡಿನ 90 ಸಾವಿರವನ್ನು ಮನೆಯ ಭಾಗವಲ್ಲ ಎಂದು ಸರ್ವೇಯರ್ ಹೊಡೆದುಹಾಕಿದ್ದರು. ಪಾಲಿಸಿಯಲ್ಲಿ ಮನೆ ಎಂದರೆ ಏನೇನು ಎಂದು ಬರೆದಿದೆ: ಕಾಂಪೌಂಡ್ ಗೋಡೆ, ಗೇಟು, ತಡೆಗೋಡೆ, ಜಗಲಿ, ನೀರಿನ ಟ್ಯಾಂಕಿ, ಸೆಪ್ಟಿಕ್ ಟ್ಯಾಂಕ್, ಸೋಲಾರ್ ಕೂಡ. ಸಾಮಾನಿನ 60 ಸಾವಿರವನ್ನೂ ಪೂರ್ತಿ ಬಿಟ್ಟಿದ್ದರು. ಕಟ್ಟಡ, ಸಾಮಾನು ಎರಡಕ್ಕೂ ಪಾಲಿಸಿ ಇದ್ದರೆ ಸಾಮಾನಿನ ಪಟ್ಟಿ ಕೊಡದೆಯೂ ಕಟ್ಟಡದ ವಿಮಾ ಮೊತ್ತದ ಶೇ. 20ರವರೆಗೆ, ಗರಿಷ್ಠ 10 ಲಕ್ಷ, ತಾನಾಗಿ ರಕ್ಷಣೆ ಉಂಟು. ನಮ್ಮದರಲ್ಲಿ ಎರಡೂ ಇತ್ತು. ಉಳಿದ 2 ಲಕ್ಷ 60 ಸಾವಿರದಲ್ಲಿ ಮನೆ ಹಳೆಯದು ಎಂದು 60 ಸಾವಿರ ಕಡಿತ.

ದೊಡ್ಡ ಹೊಡೆತ ಇದ್ದದ್ದು ಅದರ ಮುಂದಿನ ಸಾಲಿನಲ್ಲಿ. ನಿಮ್ಮ ಮನೆಯ ಬೆಲೆ 20 ಲಕ್ಷ, ವಿಮೆ ಮಾಡಿದ್ದು ಸಾಲದ ಮೊತ್ತ 12 ಲಕ್ಷಕ್ಕೆ ಮಾತ್ರ, ಆದ್ದರಿಂದ ನಷ್ಟದಲ್ಲಿಯೂ ನೂರಕ್ಕೆ ಅರವತ್ತೇ ಕೊಡುತ್ತೇವೆ. ಹಾಗೆ 2 ಲಕ್ಷ ಹೋಗಿ 1 ಲಕ್ಷ 20 ಸಾವಿರವಾಯಿತು. ಹಳೆಯ ಕಾಲದ ಬೆಂಕಿ ವಿಮೆಯಲ್ಲಿ ಈ ಲೆಕ್ಕ ಸರಿ ಇತ್ತಂತೆ. ಭಾರತ್ ಗೃಹ ರಕ್ಷಾದಲ್ಲಿ ಅದನ್ನೇ ತೆಗೆದುಹಾಕಿದ್ದಾರೆ. ವಿಮೆ ಕಡಿಮೆ ಮೊತ್ತಕ್ಕೆ ಮಾಡಿದ್ದರೂ ಆ ಮೊತ್ತದ ಮಿತಿಯೊಳಗೆ ಆದ ನಷ್ಟವನ್ನು ಈ ರೀತಿ ಪಾಲು ಹಾಕಿ ಕಡಿತ ಮಾಡುವ ಹಾಗಿಲ್ಲ. ಬ್ಯಾಂಕಿನವರು ಮಾಡಿಸುವ ಪಾಲಿಸಿ ಸಾಲದ ಮೊತ್ತಕ್ಕೇ ಇರುವುದು ಸಾಮಾನ್ಯವಾದ್ದರಿಂದ ಈ ಒಂದು ಸಾಲು ಗೊತ್ತಿರಬೇಕು. ನಮಗೆ ಗೊತ್ತಿರಲಿಲ್ಲ ಸರಿ, ಪತ್ರ ಬರೆದವರಿಗೂ ಗೊತ್ತಿರಲಿಲ್ಲವೋ ಏನೋ.

ವೋಚರಿಗೆ ಸಹಿ ಹಾಕಲಿಲ್ಲ. ಪಾಲಿಸಿಯ ಷರತ್ತುಗಳನ್ನು ಎತ್ತಿ ಬರೆದು ಕಂಪೆನಿಯ ದೂರು ವಿಭಾಗಕ್ಕೆ ರಿಜಿಸ್ಟರ್ಡ್ ಪೋಸ್ಟ್ ಹಾಕಿದೆವು. ಒಂದು ತಿಂಗಳು ಕಾದೆವು. "ನಿಮ್ಮ ದೂರು ಪರಿಶೀಲನೆಯಲ್ಲಿದೆ" ಎಂಬ ಮೆಸೇಜು ಮಾತ್ರ ತಪ್ಪದೆ ಬರುತ್ತಿತ್ತು. ಆಮೇಲೆ ವಿಮಾ ಒಂಬುಡ್ಸ್‌ಮನ್‌ಗೆ ಹೋದೆವು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿ. ಶುಲ್ಕ ಇಲ್ಲ, ವಕೀಲರನ್ನು ಇಡುವ ಹಾಗೂ ಇಲ್ಲ. ಕಂಪೆನಿಗೆ ಮೊದಲು ಬರೆದು ಒಂದು ತಿಂಗಳು ಕಾದಿರಬೇಕು, ಅವರು ತಿರಸ್ಕರಿಸಿದ ಮೇಲೆ ಒಂದು ವರ್ಷದೊಳಗೆ ಹೋಗಬೇಕು, ಅದೇ ವಿಷಯಕ್ಕೆ ಕೋರ್ಟಿಗೆ ಹೋಗಿರಬಾರದು. ಆಗ 30 ಲಕ್ಷದವರೆಗಿನ ದೂರು ತೆಗೆದುಕೊಳ್ಳುತ್ತಿದ್ದರು, ಈಗ 50 ಲಕ್ಷ. ಅಲ್ಲಿಯ ತೀರ್ಪು ಕಂಪೆನಿಗೆ ಬದ್ಧ, ನಮಗಲ್ಲ. ನಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕರ ಆಯೋಗದ ದಾರಿ ತೆರೆದೇ ಇರುತ್ತದೆ.

ವಿಚಾರಣೆ ವೀಡಿಯೊದಲ್ಲೇ ಆಯಿತು. ಬೇಕರಿಯ ಹಿಂದಿನ ಗೋದಾಮಿನಲ್ಲಿ ಮೈದಾ ಮೂಟೆಯ ಮೇಲೆ ಮೊಬೈಲು ಆನಿಸಿಟ್ಟು ಕುಳಿತೆವು. ಹದಿನೈದು ನಿಮಿಷ ಆದೀತು. ಪಾಲು ಕಡಿತದ ಸಾಲು ಯಾವ ಷರತ್ತಿನ ಪ್ರಕಾರ ಎಂದು ಕೇಳಿದಾಗ ಕಂಪೆನಿ ಕಡೆಯವರು, "ಮರುಪರಿಶೀಲಿಸುತ್ತೇವೆ" ಅಂದರು. ಅಲ್ಲಿಗೆ ಅರ್ಧ ಜಗಳ ಮುಗಿಯಿತು. ಬಿಲ್ಲಿಲ್ಲದ ಸಾಮಾನಿಗೆ 35 ಸಾವಿರ, ಕಟ್ಟಡ ಮತ್ತು ಕಾಂಪೌಂಡಿಗೆ 3 ಲಕ್ಷ 5 ಸಾವಿರ, ಒಟ್ಟು 3 ಲಕ್ಷ 40 ಸಾವಿರಕ್ಕೆ ಒಪ್ಪಿಕೊಂಡೆವು.

2022ರ ಅಕ್ಟೋಬರಿನಲ್ಲಿ ಹಣ ಬಂತು. ನಮ್ಮ ಕೈಗಲ್ಲ, ಸಾಲದ ಖಾತೆಗೆ. ಸಾಲ ಇರುವ ಮನೆಯ ಪಾಲಿಸಿಯಲ್ಲಿ ಹಣ ಮೊದಲು ಬ್ಯಾಂಕಿಗೆ ಎಂದು ಬರೆದಿರುತ್ತದೆ. ಬ್ಯಾಂಕು ಅದನ್ನು ಸಾಲಕ್ಕೆ ವಜಾ ಹಾಕಿಕೊಂಡು ಕುಳಿತರೆ ಗೋಡೆ ಕಟ್ಟುವುದು ಯಾವುದರಲ್ಲಿ? ರಿಪೇರಿಗೆ ಬಿಡುಗಡೆ ಮಾಡಿ ಎಂದು ಅರ್ಜಿ, ಮೇಸ್ತ್ರಿಯ ಎಸ್ಟಿಮೇಟು, ಫೋಟೊ ಎಲ್ಲ ಕೊಟ್ಟು ಇನ್ನೂ ಮೂರು ವಾರ ಅಲೆದೆವು. ಕ್ಲೇಮು ಹಾಕಿದ ದಿನವೇ ಬ್ಯಾಂಕಿಗೂ ಒಂದು ಪತ್ರ ಕೊಟ್ಟಿದ್ದರೆ ಈ ಅಲೆದಾಟ ತಪ್ಪುತ್ತಿತ್ತು ಎಂದು ಕಡೆಗೆ ಮ್ಯಾನೇಜರೇ ಹೇಳಿದರು. ಮೊದಲೇ ಯಾರೂ ಹೇಳಲಿಲ್ಲ.

ಆಮೇಲೆ ನಿಯಮ ಸ್ವಲ್ಪ ಬಿಗಿಯಾಗಿದೆ. ನಮ್ಮ ಕಾಲಕ್ಕೆ ಸರ್ವೇಯರನ್ನು ನೇಮಿಸಲು 72 ಗಂಟೆ, ವರದಿಗೆ 30 ದಿನ, ತೀರ್ಮಾನಕ್ಕೆ ಮತ್ತೆ 30 ದಿನ ಎಂದಿತ್ತು. 2024ರ ಜೂನ್‌ನಲ್ಲಿ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯ ಪ್ರಕಾರ 24 ಗಂಟೆಯೊಳಗೆ ಸರ್ವೇಯರ್, 15 ದಿನದಲ್ಲಿ ವರದಿ, ವರದಿ ಬಂದ 7 ದಿನದಲ್ಲಿ ತೀರ್ಮಾನ. ಕಾಗದ ಇಲ್ಲ ಎಂಬ ಒಂದೇ ಕಾರಣಕ್ಕೆ ಕ್ಲೇಮು ತಿರಸ್ಕರಿಸುವಂತಿಲ್ಲ, ಬೇಕಾದ ಕಾಗದವನ್ನು ಪಾಲಿಸಿ ಕೊಡುವಾಗಲೇ ಕೇಳಬೇಕು ಎಂದೂ ಅದರಲ್ಲಿದೆ. ಕಾಗದದ ಮೇಲೆ ಚೆಂದ ಉಂಟು. ಕೆಳಗೆ ಎಷ್ಟು ಇಳಿದಿದೆ ಎಂಬುದನ್ನು ಈಚೆಗೆ ಕ್ಲೇಮು ಹಾಕಿದವರು ಹೇಳಬೇಕು. ಗಡುವು ದಾಟಿದರೆ ಪ್ರಾಧಿಕಾರದ ಬಿಮಾ ಭರೋಸಾಕ್ಕೆ ದೂರು ಕೊಡಬಹುದು, 155255 ನಂಬರಿಗೆ ಕರೆ ಉಚಿತ. ನಮ್ಮ ಕಡೆಯಿಂದಲೂ ಒಂದು ಗಡುವು ಇದೆ: ನಷ್ಟ ಕಂಡ ಕೂಡಲೇ ಕಂಪೆನಿಗೆ ತಿಳಿಸಿ, 30 ದಿನದೊಳಗೆ ಕ್ಲೇಮ್ ಫಾರ್ಮ್ ಕೊಡಬೇಕು.

ಕಡಲ ತಡಿಯ ಉಳ್ಳಾಲ, ಸೋಮೇಶ್ವರದ ಮನೆಗಳವರಿಗೆ ಒಂದು ಮಾತು. ನೆರೆ, ಬಿರುಗಾಳಿ, ಭೂಕಂಪ, ಗುಡ್ಡ ಕುಸಿತ ಈ ಪಾಲಿಸಿಯಲ್ಲಿ ಬರುತ್ತದೆ. ಆದರೆ ಕಡಲ್ಕೊರೆತ, ನದಿ ಕೊರೆತದಿಂದ ನೆಲ ಕುಸಿದರೆ ಅದನ್ನು ಹೊರಗಿಟ್ಟಿದ್ದಾರೆ. ಹೊಸ ಮನೆಯ ತಳ ಕುಳಿತು ಬರುವ ಸಾಧಾರಣ ಬಿರುಕಿಗೂ ಇಲ್ಲ. ಏಜೆಂಟರು ಇದನ್ನು ತಾವಾಗಿ ಹೇಳುವುದು ಕಡಿಮೆ.

ಉಮ್ಮ ವಾಪಸ್ ಬಂದದ್ದು 2023ರ ಜನವರಿಯಲ್ಲಿ. ಹೊಸ ಕೋಣೆಗೆ ಚಪ್ಪಡಿ ಬೇಡ, ಆರ್‌ಸಿಸಿ ಹಾಕಿ ಎಂದದ್ದು ಅವರೇ. ಈಗ ಪಾಲಿಸಿ ಪ್ರತಿ ರೇಷನ್ ಕಾರ್ಡಿನ ಜೊತೆ ಬಿಸ್ಕೆಟ್ ಡಬ್ಬಿಯಲ್ಲಿ ಇರುತ್ತದೆ, ಒಂದು ಫೋಟೊ ಎಲ್ಲರ ಮೊಬೈಲಿನಲ್ಲೂ. ಮನೆಯೊಳಗಿನ ಸಾಮಾನನ್ನು ವರ್ಷಕ್ಕೊಮ್ಮೆ ವೀಡಿಯೊ ಮಾಡಿಡುವ ಅಭ್ಯಾಸವೂ ಆಗಿದೆ. ಮಕ್ಕಳಿಗೆ ಅದೊಂದು ಆಟ.

2025ರ ಮೇ ಕೊನೆಯಲ್ಲಿ ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಮನೆಯ ಮೇಲೆ ಬಿದ್ದು ಅಜ್ಜಿ, ಮೊಮ್ಮಕ್ಕಳು ತೀರಿಹೋದ ಸುದ್ದಿ ಬಂದ ದಿನ ನಾವು ಮುಡಿಪಿನಲ್ಲಿರುವ ಸಂಬಂಧಿಕರಿಗೆ ಫೋನು ಮಾಡಿದೆವು. ಅವರ ಮನೆಯ ಹಿಂದೆಯೂ ಹಾಗೆಯೇ ಕಡಿದ ಗುಡ್ಡ. ಮಳೆ ಜೋರಿದ್ದರೆ ರಾತ್ರಿ ಅಲ್ಲಿ ಮಲಗಬೇಡಿ ಎಂದೆವು. ಒಪ್ಪಿದರು. ಮತ್ತೆ ಕೇಳಿದೆವು, ಮನೆಗೆ ಲೋನ್ ಉಂಟಲ್ಲ, ಪಾಲಿಸಿ ಕಾಪಿ ಎಲ್ಲಿದೆ?

"ಅದೆಲ್ಲ ಬ್ಯಾಂಕಲ್ಲಿ ಇರಬಹುದು ಕಾಕ," ಅಂದ.